ಸೋಮವಾರದ ಮುಖ

ಸೋಮವಾರ ನನ್ನ ಮುಖಕ್ಕೆ ಕೆಲಸ. ಉಳಿದ ದಿನ ಕೈಗೆ.

ಕೈ ಕೆಲಸ ಅಂದರೆ ಕ್ರೇಟು ಎತ್ತುವುದು. ನಮ್ಮದು ಸೋಡಾ ಕಾರ್ಖಾನೆ. ಜನ ಕುಡಿದು ಬಿಟ್ಟ ಗಾಜಿನ ಬಾಟಲಿಗಳು ಲಾರಿಯಲ್ಲಿ ವಾಪಸ್ ಬರುತ್ತವೆ. ಇಳಿಸಬೇಕು, ತೊಳೆಯುವ ಯಂತ್ರದ ಬಾಯಿಗೆ ಒಡ್ಡಬೇಕು. ತೋಳು ಸೆಳೆಯುತ್ತದೆ. ತಳದಲ್ಲಿ ಉಳಿದ ಸಕ್ಕರೆ ನೀರಿಗೆ ಬೆರಳುಗಳು ಒಂದಕ್ಕೊಂದು ಅಂಟುತ್ತವೆ. ಜೇನುನೊಣ ಕಚ್ಚುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮುಖದ ಕೆಲಸವೇ ಬೇರೆ. ಸೋಮವಾರ ಬೆಳಿಗ್ಗೆ ಹೊಸದಾಗಿ ಸೇರಿದವರನ್ನೂ ವಿಭಾಗ ಬದಲಾದವರನ್ನೂ ಮೀಟಿಂಗ್ ಹಾಲಿನಲ್ಲಿ ಕೂರಿಸುತ್ತಾರೆ. ಸುರಕ್ಷತೆಯ ಪಾಠ. ಪಾಠ ಮಾಡುವ ಅಧಿಕಾರಿಗೆ ನಾವು ಇಟ್ಟ ಹೆಸರು ಸೇಫ್ಟಿ. ಕೈಯಲ್ಲಿ ಉದ್ದ ಕೋಲು, ತುದಿಗೆ ರಬ್ಬರು. ಗೋಡೆಯ ಮೇಲೆ ಬೆಂಕಿ ಆರಿಸುವ ಸಿಲಿಂಡರಿನ ಚಿತ್ರ, ಅದರ ಪಕ್ಕ ಏಣಿಯ ಚಿತ್ರ, ಅದರ ಪಕ್ಕ ನಾನು. ಚಿತ್ರಗಳಿಗೆ ತಾಗಿದ ಕೋಲು ಆಮೇಲೆ ನನ್ನ ಕೆನ್ನೆಗೂ ತಾಗುತ್ತದೆ.

ಹುಬ್ಬು ಎತ್ತು ಅನ್ನುತ್ತಾರೆ. ಬಲ ಹುಬ್ಬು ಮೇಲೇರುತ್ತದೆ. ಎಡ ಹುಬ್ಬು ನನಗೂ ಅದಕ್ಕೂ ಸಂಬಂಧವಿಲ್ಲ ಅನ್ನುವಂತೆ ಬಿದ್ದಿರುತ್ತದೆ. ಕಣ್ಣು ಮುಚ್ಚು. ಬಲಗಣ್ಣು ಮುಚ್ಚುತ್ತದೆ. ಎಡಗಣ್ಣಿನ ಗುಡ್ಡೆ ಮೇಲಕ್ಕೆ ಉರುಳಿ ಬಿಳಿಯಷ್ಟೇ ಕಾಣುತ್ತದೆ. ಅಷ್ಟು ಹೊತ್ತಿಗೆ ಮುಂದಿನ ಸಾಲಿನಲ್ಲಿ ಯಾರಾದರೂ ಬೇರೆ ಕಡೆ ನೋಡುತ್ತಾರೆ. ನೋಡ್ರಪ್ಪ, ನೋಡಬೇಕು ಅಂತಲೇ ಇಲ್ಲಿ ನಿಲ್ಲಿಸಿರೋದು ಅನ್ನುತ್ತಾರೆ ಸೇಫ್ಟಿ. ಆಮೇಲೆ ನಗು. ಅರ್ಧ ಬಾಯಿ ಕಿವಿಯ ಕಡೆ ಓಡುತ್ತದೆ, ಇನ್ನರ್ಧ ಗದ್ದದ ಕಡೆ ಜಾರುತ್ತದೆ. ಆಮೇಲೆ ಪಾಪ ಅನ್ನು. ಫಾಫ ಅನ್ನುತ್ತೇನೆ. ಬಾಬು ಅನ್ನು. ವಾವು. ತುಟಿ ಕೂಡದಿದ್ದರೆ ಪ, ಬ, ಮ ಗಾಳಿಯಾಗಿ ಹೋಗುತ್ತವೆ. ಇಲ್ಲಿ ಎಲ್ಲರೂ ನಗುತ್ತಾರೆ. ನಗಬಹುದು, ಸೇಫ್ಟಿಯೇ ಮೊದಲು ನಗುತ್ತಾರೆ.

ಕೊನೆಗೆ ನನ್ನ ಒಂದೇ ಒಂದು ಮಾತು.

"ಮಾಸ್ಕ್ ನಾನೇ ತೆಗೆದೆ. ನನ್ನ ತಪ್ಪು."

ಅದಕ್ಕೆ ಮುಂಚೆ ಎಲ್ಲರೂ ಒಟ್ಟಿಗೆ ಹೇಳಬೇಕು. ಯಾಕೆ ಹೀಗಾಯ್ತು ಅಂತ ಸೇಫ್ಟಿ ಕೇಳಿದರೆ, ಮಾಸ್ಕ್ ತೆಗೆದಿದ್ದಕ್ಕೆ ಅಂತ ಇಡೀ ಹಾಲು. ಆಮೇಲೆ ಟೀ. ನನಗೂ ಕೊಡುತ್ತಾರೆ, ಸ್ಟ್ರಾ ಹಾಕಿ.

ಬಿ.ಎ. ಓದಿದವನು ನಾನು. ಕಾಲೇಜಿನಲ್ಲಿ ನನ್ನ ಹೆಸರು ರೇಡಿಯೋ. ಪ್ರಿನ್ಸಿಪಾಲರು ಮೂಗಿನಲ್ಲಿ ಮಾತಾಡುವುದು, ಕ್ಯಾಂಟೀನಿನವನು ಲೆಕ್ಕ ಒಪ್ಪಿಸುವುದು, ಬಸ್ ಕಂಡಕ್ಟರ್ ಆಕಳಿಸುತ್ತಲೇ ಊರಿನ ಹೆಸರು ಕೂಗುವುದು, ಎಲ್ಲವೂ ನನ್ನ ಗಂಟಲಲ್ಲಿ ಇದ್ದವು. ಮುಖಭಂಗ ಅನ್ನುವ ಮಾತನ್ನು ಪರೀಕ್ಷೆಯಲ್ಲಿ ವಾಕ್ಯದಲ್ಲಿ ಬಳಸಿ ಅಂಕ ತೆಗೆದವನು. ಆಮೇಲೆ ಆ ಮಾತು ನನ್ನನ್ನು ಬಳಸಿತು.

ಕಾರ್ಖಾನೆಯಲ್ಲಿ ನನ್ನ ಕೆಲಸ ಬೆಳಕಿನ ಮುಂದೆ ಕೂರುವುದಾಗಿತ್ತು. ಗ್ಯಾಸು ತುಂಬಿ ಮುಚ್ಚಳ ಬಡಿದ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ. ಹಿಂದೆ ಟ್ಯೂಬ್‌ಲೈಟ್ ಹಾಕಿದ ಬಿಳಿ ಪರದೆ. ಒಳಗೆ ಕಸ ಇದೆಯಾ, ಗಾಜು ಬಿರುಕು ಬಿಟ್ಟಿದೆಯಾ ನೋಡಬೇಕು. ಕಂಡದ್ದನ್ನು ಕೈ ಹಾಕಿ ತೆಗೆಯಬೇಕು. ರೆಪ್ಪೆ ಬಡಿದರೆ ಒಂದಷ್ಟು ದಾಟಿಹೋಗುತ್ತವೆ. ಬಿರುಕಿನ ಬಾಟಲಿ ಒಳಗಿನ ಒತ್ತಡಕ್ಕೆ ಯಾವಾಗ ಬೇಕಾದರೂ ಸಿಡಿಯುತ್ತದೆ. ಅದಕ್ಕೆ ಮುಖ ಮುಚ್ಚುವ ಪ್ಲಾಸ್ಟಿಕ್ ಮಾಸ್ಕು ಕೊಟ್ಟಿದ್ದರು. ಕೊಟ್ಟಿರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ.

ಆದರೆ ಪಕ್ಕದಲ್ಲೇ ತೊಳೆಯುವ ಯಂತ್ರ. ಅದರ ಹಬೆ ಮಾಸ್ಕಿನ ಹೊರಗೆ, ನಮ್ಮ ಉಸಿರು ಒಳಗೆ. ಸ್ವಲ್ಪ ಹೊತ್ತಿಗೆಲ್ಲ ಪ್ಲಾಸ್ಟಿಕ್ಕು ಹಾಲಿನ ಲೋಟದಂತೆ ಬೆಳ್ಳಗಾಗುತ್ತದೆ. ಒರೆಸಿ ಒರೆಸಿ ಗೀಚು ಬಿದ್ದಿರುತ್ತದೆ. ಮಾಸ್ಕು ಹಾಕಿದರೆ ಬಾಟಲಿ ಕಾಣುವುದಿಲ್ಲ, ಬಾಟಲಿ ಕಾಣಬೇಕಾದರೆ ಮಾಸ್ಕು ಇರಬಾರದು. ಬೆಲ್ಟು ನಿಧಾನ ಮಾಡಿದರೆ ಎರಡೂ ಆಗುತ್ತದೆ. ಬೆಲ್ಟು ನಿಧಾನ ಮಾಡುವುದಿಲ್ಲ.

ನಮ್ಮ ಸೂಪರ್‌ವೈಸರಿಗೆ ಆಯ್ತಾ ಅಂತ ಹೆಸರು. ಯಾವ ಮಾತನ್ನೂ ಆಯ್ತಾ ಅನ್ನದೆ ಮುಗಿಸಿದವನಲ್ಲ. ಆವತ್ತು ಕಸ ಇದ್ದ ಒಂದು ಬಾಟಲಿ ದಾಟಿ ಪ್ಯಾಕಿಂಗ್‌ವರೆಗೂ ಹೋಗಿತ್ತು. ಆಯ್ತಾ ನನ್ನ ಹಿಂದೆ ನಿಂತು ಮಾಸ್ಕ್ ತೆಗಿ ಅಂತ ಕೂಗಿದ. ಇಡೀ ವಿಭಾಗಕ್ಕೆ ಕೇಳಿಸುವ ಹಾಗೆ ಕೂಗಿದ. ತೆಗೆದೆ. ನನ್ನ ಕೈಯಿಂದಲೇ ತೆಗೆದೆ. ಆಮೇಲೆ ಎಲ್ಲಾ ಸ್ಪಷ್ಟವಾಗಿ ಕಂಡಿತು. ಬಿರುಕೂ ಕಂಡಿತು. ಹಿಡಿಯಲು ಬಾಗಿದೆ.

ಗಾಜು ಎಡಗಿವಿಯ ಮುಂದಿನಿಂದ ಕೆನ್ನೆಯವರೆಗೆ ಕೊಯ್ದಿತ್ತು.

ಕಾರ್ಖಾನೆಯ ಕ್ಲಿನಿಕ್ಕಿನ ಡಾಕ್ಟರು ಅಲ್ಲೇ ಹೊಲಿದರು. ಮನೆಗೆ ಬಂದಾಗ ಅಕ್ಕ ಪಟ್ಟಿ ಸರಿಸಿ ನೋಡಿದಳು. ನನ್ನನ್ನು ಸಾಕಿದವಳು ಅಕ್ಕ. ಮನೆಯಲ್ಲೇ ಹೊಲಿಗೆ ಯಂತ್ರ ತುಳಿದು ಬ್ಲೌಸು, ಶಾಲೆ ಯೂನಿಫಾರಮ್ಮು ಹೊಲಿಯುತ್ತಾಳೆ. ಕನ್ನಡಕ ಹಾಕಿಕೊಂಡು ದೀಪದ ಹತ್ತಿರ ಎಳೆದು ಕೆನ್ನೆ ಪರೀಕ್ಷೆ ಮಾಡಿದಳು. ಎಷ್ಟು ಸಣ್ಣ ಹೊಲಿಗೆ, ಎಷ್ಟು ನೇರ, ಇವನು ಕೆಲಸಗಾರ ಕಣೋ, ಭಯಪಡಬೇಡ ಅಂದಳು. ಬಾಯಿ ಜೋತಿದೆಯಲ್ಲ ಅಂದಳು ನನ್ನ ಹೆಂಡತಿ. ಊತ ಇಳಿದರೆ ಸರಿಹೋಗುತ್ತೆ ಅಂದಳು ಅಕ್ಕ. ಕ್ಲಿನಿಕ್ಕಿನ ಡಾಕ್ಟರೂ ಅದನ್ನೇ ಹೇಳಿದ್ದರು. ನಾವು ಊತ ಇಳಿಯಲಿ ಅಂತ ಕಾದೆವು. ಊತ ಇಳಿಯಿತು. ಬಾಯಿ ಮೇಲೇರಲಿಲ್ಲ.

ದೊಡ್ಡ ಖಾಸಗಿ ಆಸ್ಪತ್ರೆಯ ಸರ್ಜನ್ ಹೆಂಗಸು. ಕಡಿಮೆ ಮಾತಿನವರು. ಗಾಯದ ಗುರುತಿನ ಮೇಲೆ ಬೆರಳಾಡಿಸಿ ಹೇಳಿದರು, ಚರ್ಮ ಚೆನ್ನಾಗಿ ಹೊಲಿದಿದ್ದಾರೆ, ಒಳಗೆ ಮುಖದ ನರ ತುಂಡಾಗಿದೆ, ಅದನ್ನ ಯಾರೂ ನೋಡೇ ಇಲ್ಲ. ಗಾಯ ಆದ ಮೊದಲ ಎರಡು ಮೂರು ದಿನದಲ್ಲಿ ಬಂದಿದ್ದರೆ ಕರೆಂಟು ಕೊಟ್ಟು ತುದಿ ಹುಡುಕಿ ಜೋಡಿಸಬಹುದಿತ್ತಂತೆ. ಈಗ ತುದಿಗಳು ಸರಿದಿವೆ. ಕಾಲಿನ ಮೀನಖಂಡದಿಂದ ಒಂದು ನರ ತೆಗೆದು ಸೇತುವೆ ಹಾಕಬೇಕು. ಅದಕ್ಕೂ ಗಡುವು ಇದೆ. ನರ ಬಾರದ ಸ್ನಾಯು ಸಾಯುತ್ತಾ ಹೋಗುತ್ತದೆ. ಒಂದು ವರ್ಷ ದಾಟಿದರೆ ಸೇತುವೆ ಹಾಕಿಯೂ ಪ್ರಯೋಜನ ಕಡಿಮೆ, ಆಚೆ ದಡದಲ್ಲಿ ಯಾರೂ ಇರುವುದಿಲ್ಲ.

ಅಲ್ಲಿಯವರೆಗೆ ಕಣ್ಣಿಗೆ ಹನಿ ಹಾಕಿ, ಮಲಗುವಾಗ ರೆಪ್ಪೆಗೆ ಟೇಪು ಹಚ್ಚಿ ಅಂದರು. ಇಲ್ಲದಿದ್ದರೆ ಕಣ್ಣೂ ಹೋಗುತ್ತದೆ.

ಅಕ್ಕ ಮನೆಗೆ ಬಂದು ಹೊಲಿಯುತ್ತಿದ್ದ ಬ್ಲೌಸು ಬಿಚ್ಚಿ ಹಾಕಿದಳು. ಸರಿಯಾಗೇ ಹೊಲಿದದ್ದನ್ನು.

ಸರ್ಕಾರಿ ಆಸ್ಪತ್ರೆಯಲ್ಲಿ ಈ ಆಪರೇಷನ್ನಿಗೆ ಸರದಿ ಬರುವಷ್ಟರಲ್ಲಿ ಗಡುವು ಮುಗಿಯುತ್ತಿತ್ತು. ದೊಡ್ಡ ಆಸ್ಪತ್ರೆಯ ಖರ್ಚು ನಮ್ಮ ಕೈಗೆಟುಕುವುದಲ್ಲ. ಕಂಪನಿಯ ಆಫೀಸಿನಲ್ಲಿ ಕೂರಿಸಿ ಸಮಾಧಾನವಾಗಿ ಮಾತಾಡಿದರು. ಆಪರೇಷನ್ ನಾವು ಮಾಡಿಸ್ತೀವಿ, ನಿಮ್ಮಿಂದ ನಾಲ್ಕು ಜನಕ್ಕೆ ಬುದ್ಧಿ ಬರಲಿ, ಸೋಮವಾರ ಸ್ವಲ್ಪ ಹೊತ್ತು ನಿಂತರೆ ಸಾಕು. ಬೆದರಿಸಲಿಲ್ಲ. ಟೀ ತರಿಸಿದರು. ಟೀ ನನ್ನ ಶರ್ಟಿನ ಮೇಲೆ ಚೆಲ್ಲಿದಾಗ ಅವರೇ ಕರವಸ್ತ್ರ ಕೊಟ್ಟರು.

ಒಪ್ಪಿಕೊಂಡೆ.

ಮೊದಲ ಸೋಮವಾರ ನಾನೇ ಒಂದು ತಮಾಷೆ ಸೇರಿಸಿದೆ. ನನ್ನ ಮುಖದಲ್ಲಿ ಎರಡು ಪಾಳಿ ಸಾರ್, ಬಲಗಡೆ ಹಗಲು ಪಾಳಿ, ಎಡಗಡೆ ರಜೆ ಅಂದೆ. ಹಾಲು ಬಿದ್ದು ಬಿದ್ದು ನಕ್ಕಿತು. ಕಾಲೇಜಿನ ವೇದಿಕೆ ನೆನಪಾಯಿತು. ಎಷ್ಟೋ ಕಾಲದ ಮೇಲೆ ಮೈಯಲ್ಲಿ ರಕ್ತ ಹರಿದಂತಾಯಿತು. ಆವತ್ತು ಮನೆಯಲ್ಲಿ ಅನ್ನ ಕಲಸಿ ಬಾಯಿಗಿಟ್ಟರೆ ಎಡ ಕೆನ್ನೆಯ ಒಳಗೆ ಸಿಕ್ಕಿಕೊಂಡಿತು. ಬೆರಳು ಹಾಕಿ ತೆಗೆದು ತೆಗೆದು ನುಂಗಬೇಕು. ಹೆಂಡತಿ ಎದುರಿಗೆ ಕೂತಿದ್ದಳು. ತಟ್ಟೆ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತೆ. ಅವಳು ಎದ್ದು ಬಂದು ಮತ್ತೆ ನನ್ನ ಎದುರಿಗೇ ಕೂತಳು. ನಾನು ಮತ್ತೆ ತಿರುಗಿದೆ. ಹೀಗೆ ಇಬ್ಬರೂ ಕೋಣೆಯ ನಾಲ್ಕೂ ಗೋಡೆ ಮುಗಿಸಿದೆವು.

"ಅರ್ಧಾಂಗಿ ಅಂತ ಸುಮ್ನೆ ಅನ್ನಲ್ಲ ರೀ," ಅಂದಳು. "ಊಟ ಮಾಡಿ."

ಮರುವಾರದಿಂದ ಸೇಫ್ಟಿ ನನ್ನ ತಮಾಷೆಯನ್ನು ಪಾಠಕ್ಕೇ ಸೇರಿಸಿಕೊಂಡರು. ಮರೆತರೆ ನೆನಪಿಸುತ್ತಿದ್ದರು. ಆ ಎರಡು ಪಾಳಿದು ಹೇಳಪ್ಪ. ಬಾಟಲಿ ವಿಭಾಗದಲ್ಲಿ ನನಗೆ ನಗೆಬಾಟ್ಲಿ ಅಂತ ಹೊಸ ಹೆಸರು ಬಿತ್ತು. ಇಟ್ಟವನು ಯಾರೋ, ಮಾತು ಬಲ್ಲವನೇ. ನನಗೇ ಹೊಳೆಯಬೇಕಿತ್ತು.

ಹೊಸಬರು ಪಾಠ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ನಾನು ಕ್ರೇಟಿನ ಸಂದಿಯಿಂದ ನೋಡುತ್ತಿದ್ದೆ. ಬೆಳಕಿನ ಮುಂದೆ ಕೂರುತ್ತಿದ್ದರು. ಮಾಸ್ಕು ಬೆಳ್ಳಗಾಗುತ್ತಿತ್ತು. ಆಯ್ತಾ ಕೂಗುತ್ತಿದ್ದ. ತೆಗೆಯುತ್ತಿದ್ದರು. ಬೆಳಿಗ್ಗೆ ನನ್ನ ಮುಖ ನೋಡಿ ಹೆದರಿದವರೇ ಮಧ್ಯಾಹ್ನಕ್ಕೆ ಬರಿ ಮುಖದಲ್ಲಿ ಬಾಗಿ ನೋಡುತ್ತಿದ್ದರು. ಯಾರಿಗಾದರೂ ಏನಾದರೂ ಆದರೆ ಅವರು ಹೇಳಬೇಕಾದ ಮಾತನ್ನು ನಾನು ಮೊದಲೇ ಕಲಿಸಿಟ್ಟಿದ್ದೆ. ಕಂಪನಿಗೆ ಬೇಕಾಗಿದ್ದದ್ದು ಅಷ್ಟೇ.

ಆಪರೇಷನ್ನಿನ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ಒಂದೇ ಸೋಮವಾರ ಉಳಿದಿತ್ತು.

ಹೆಂಡತಿಯೂ ಅದೇ ಕಾರ್ಖಾನೆ. ತೊಳೆಯುವ ಯಂತ್ರದ ಹಿಂದೆ, ಕಾಸ್ಟಿಕ್ ನೀರು ಜಿನುಗುವ ಕಡೆ ನಿಲ್ಲುವ ಕೆಲಸ. ಬೂಟಿನೊಳಗೆ ನೀರು ಹೋಗಿ ಕಾಲ್ಬೆರಳ ಸಂದಿಯೆಲ್ಲ ಸುಲಿದಿತ್ತು. ಕೂತು ಮಾಡುವ ಕೆಲಸ ಕೊಡಿ ಅಂತ ಕೇಳಿ ಕೇಳಿ ಸೋತಿದ್ದಳು. ಆ ವಾರ ಆಫೀಸಿನವರು ಕರೆದು, ನಿನ್ನ ಗಂಡನ ಜಾಗ ಖಾಲಿ ಇದೆಯಲ್ಲಮ್ಮ, ಅಲ್ಲಿ ಕೂತ್ಕೋ ಅಂದರಂತೆ. ಉಪಕಾರ ಮಾಡುವ ಧ್ವನಿಯಲ್ಲಿ. ಅವಳು ಮನೆಗೆ ಬಂದು ಹೇಳಿದಳು. ಹೋಗಲಾ ಅಂತ ನನ್ನನ್ನು ಕೇಳಲಿಲ್ಲ. ವಿಭಾಗ ಬದಲಾದವರು ಸೋಮವಾರದ ಪಾಠಕ್ಕೆ ಕೂರಲೇಬೇಕು. ಅದು ಇಬ್ಬರಿಗೂ ಗೊತ್ತಿತ್ತು.

ಅವಳು ಎರಡನೇ ಸಾಲಿನಲ್ಲಿ ಕೂತಳು. ಹಿಂದಿನ ಸಾಲಿನಲ್ಲಿ ಬೇರೆ ವಿಭಾಗದಿಂದ ಬಂದ ಹಳಬರು. ಮುಂದೆ ಹೊಸಬರು. ತನ್ನ ಪಾಲಿನ ಜನರನ್ನು ಕರೆದೊಯ್ಯಲು ಆಯ್ತಾ ಬಾಗಿಲಲ್ಲಿ ನಿಂತಿದ್ದ.

ಹುಬ್ಬು ಎತ್ತಿದೆ. ಕಣ್ಣು ಮುಚ್ಚಿದೆ. ಹೆಂಡತಿ ಟೇಪು ಹಚ್ಚುವ ಕಣ್ಣು ಅದು. ಅವಳು ದಿನವೂ ನೋಡುವುದೇ. ಆದರೆ ಕೋಲು ತಾಗುವುದನ್ನು ನೋಡಿರಲಿಲ್ಲ. ರಬ್ಬರಿನ ತುದಿ ಬಾಯಿಯ ಮೂಲೆಯನ್ನು ಎತ್ತಿ ಬಿಟ್ಟಿತು. ಬಾಯಿ ತೊಪ್ಪನೆ ಬಿತ್ತು. ಮುಂದಿನ ಸಾಲು ನಕ್ಕಿತು. ಅವಳ ಕಾಲು ಅಲ್ಲಾಡುವುದು ನಿಂತಿತು. ಫಾಫ ಅಂದೆ. ವಾವು ಅಂದೆ. ಎರಡು ಪಾಳಿಯ ತಮಾಷೆ ಹೇಳಿದೆ. ಹೆಂಡತಿಯ ಮುಂದೆ. ಸತ್ತುಹೋಗಬೇಕು ಅನ್ನಿಸಲಿಲ್ಲ. ಅದಕ್ಕೂ ಕಡಿಮೆಯದೇನೋ ಅನ್ನಿಸಿತು, ನಡುಬೀದಿಯಲ್ಲಿ ಬಟ್ಟೆ ಜಾರಿದವನ ಹಾಗೆ, ಹಿಡಿದುಕೊಳ್ಳಲು ಕೈಯೂ ಬಾರದವನ ಹಾಗೆ.

ಯಾಕೆ ಹೀಗಾಯ್ತು ಅಂದರು ಸೇಫ್ಟಿ. ಮಾಸ್ಕ್ ತೆಗೆದಿದ್ದಕ್ಕೆ ಅಂದಿತು ಹಾಲು. ಎಲ್ಲರ ಬಾಯಿ ಅಲ್ಲಾಡಿತು, ಅವಳದೊಂದು ಬಿಟ್ಟು. ಸೇಫ್ಟಿಯ ಕಣ್ಣಿಗೆ ಅದು ಬಿತ್ತು. ಆಮೇಲೆ ಯಾರೋ ಕಿವಿಯಲ್ಲಿ ಇವಳು ಅವನ ಹೆಂಡತಿ ಅಂದರು. ಸೇಫ್ಟಿಯ ಮುಖ ಅರಳಿತು. ಪೂರ್ತಿ ಮುಖ, ಎರಡೂ ಕಡೆ.

"ಮನೆಯವರೇ ಬಂದಿದ್ದಾರೆ. ಎದ್ದು ನಿಲ್ಲಮ್ಮ. ನೀನೇ ಹೇಳು, ತಪ್ಪು ಯಾರದು?"

ಅವಳು ಎದ್ದಳು. ಆವತ್ತು ಆಯ್ತಾನ ಕೂಗು ಯಂತ್ರದ ಆಚೆಯಿಂದ ಅವಳಿಗೂ ಕೇಳಿಸಿತ್ತು. ಓಡಿ ಬಂದು ನನ್ನ ಕೆನ್ನೆಗೆ ಸೆರಗು ಒತ್ತಿದವಳು ಅವಳೇ. ಅವಳು ನನ್ನನ್ನು ನೋಡಲಿಲ್ಲ. ಬಾಗಿಲಲ್ಲಿದ್ದ ಆಯ್ತಾನನ್ನೂ ನೋಡಲಿಲ್ಲ. ನೆಲ ನೋಡಿದಳು.

"ಅವರದೇ," ಅಂದಳು.

"ಜೋರಾಗಿ ಹೇಳಮ್ಮ. ಹಿಂದಿನವರಿಗೂ ಕೇಳಲಿ."

"ನಮ್ಮ ಮನೆಯವರದೇ ತಪ್ಪು."

ಅವಳ ಕತ್ತು ಕೆಂಪಾಗಿತ್ತು. ನನ್ನ ಮುಖಕ್ಕಾಗಿ ಅವಳು ತನ್ನ ಬಾಯಿ ಕೊಟ್ಟಿದ್ದಳು. ಇಷ್ಟು ಸೋಮವಾರ ನಾನು ಪಟ್ಟದ್ದು ನಾಚಿಕೆ ಅಂದುಕೊಂಡಿದ್ದೆ. ಅದು ಬರೀ ಮುಜುಗರ. ನಾಚಿಕೆ ಈಗ ಬಂತು.

ಸೇಫ್ಟಿ ನನ್ನ ಕಡೆ ತಿರುಗಿದರು. ಈಗ ನೀನು ಹೇಳಪ್ಪ, ಕೊನೇ ಮಾತು.

ಎಡಗೈ ಎತ್ತಿ ಜೋತ ಕೆನ್ನೆಯನ್ನು ಬೆರಳಿಂದ ಮೇಲಕ್ಕೆ ಒತ್ತಿ ಹಿಡಿದೆ. ತುಟಿಗಳು ಕೂಡಿದವು. ಒಂದು ಸಲ ಮ ಅಂದು ನೋಡಿದೆ. ಬಂತು. ಆಮೇಲೆ ಗಂಟಲು ಒರಟು ಮಾಡಿ, ಎದೆ ಮುಂದೆ ಚಾಚಿ, ಎಷ್ಟೋ ತಿಂಗಳಿಂದ ಬಾರದಿದ್ದ ಧ್ವನಿಯನ್ನು ಎಳೆದು ತೆಗೆದೆ.

"ಏಯ್, ಚಂದ್ರಲೋಕಕ್ಕೆ ಹೊರಟಿದ್ದೀಯಾ ಅದನ್ನ ಹಾಕ್ಕೊಂಡು? ಬಾಟ್ಲಿ ಕಾಣಲ್ಲ ಅಂತೀಯ, ಮಾಸ್ಕ್ ತೆಗೆದು ನೋಡು, ಆಯ್ತಾ? ಬೆಲ್ಟ್ ನಿಧಾನ ಮಾಡೋಕೆ ಇದೇನು ನಿಮ್ಮಪ್ಪನ ಕಾರ್ಖಾನೇನಾ? ತೆಗಿ ಮಾಸ್ಕು. ತೆಗಿ ಅಂದೆ. ಆಯ್ತಾ?"

ಹಿಂದಿನ ಸಾಲಿನ ಹಳಬರಿಗೆ ಮೊದಲು ನಗು ಬಂತು. ಕೂಡಲೇ ನಿಂತಿತು. ಎಲ್ಲರೂ ಬಾಗಿಲ ಕಡೆ ತಿರುಗಿದರು. ಹೊಸಬರೂ ತಿರುಗಿದರು. ಆಯ್ತಾ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತಿದ್ದ.

ಬೆರಳು ತೆಗೆದೆ. ನನ್ನ ಸ್ವಂತ ಧ್ವನಿಯಲ್ಲಿ, ಗಾಳಿ ಸೋರುತ್ತಾ, ಹೇಳಿದೆ. ಇವರು ತೆಗಿ ಅಂದರು, ತೆಗೆದೆ. ನೀವು ಇವತ್ತು ಅದೇ ಜಾಗದಲ್ಲಿ ಕೂರ್ತೀರ, ನಿಮಗೂ ತೆಗಿ ಅಂತಾರೆ. ನನ್ನ ಹೆಂಡತಿ ಹೇಳಿದ್ದು ಸುಳ್ಳು, ನನಗೋಸ್ಕರ ಹೇಳಿದ ಸುಳ್ಳು. ನಾನು ಇಷ್ಟು ದಿನ ಹೇಳಿದ್ದೂ ಸುಳ್ಳು, ಅದೂ ನನಗೋಸ್ಕರವೇ. ಇನ್ನು ಮೇಲೆ ಈ ಮುಖ ಪಾಠಕ್ಕೆ ಸಿಗಲ್ಲ.

ಸೇಫ್ಟಿಯ ಕೋಲು ನನ್ನ ಎದೆಗೆ ತಾಗಿತು. ಕಿತ್ತುಕೊಂಡು ಏಣಿಯ ಚಿತ್ರಕ್ಕೆ ಒರಗಿಸಿ ಇಟ್ಟೆ. ಎಸೆಯಬೇಕು ಅನ್ನಿಸಿತ್ತು. ಎಸೆಯಲಿಲ್ಲ.

ಮಧ್ಯಾಹ್ನ ಆಫೀಸಿಗೆ ಕರೆದರು. ಈ ಸಲ ಟೀ ಬರಲಿಲ್ಲ. ಆಪರೇಷನ್ನಿನ ವಿಷಯ ಮತ್ತೆ ಯೋಚನೆ ಮಾಡಬೇಕಾಗುತ್ತೆ ಅಂದರು. ಕೆಲಸದ ವಿಷಯ ಯೋಚನೆ ಮಾಡುವುದೇನೂ ಇಲ್ಲ, ನಾಳೆಯಿಂದ ಬರಬೇಡ ಅಂದರು.

ಮನೆಯಲ್ಲಿ ಅಕ್ಕ ಬೈದಳು. ಒಂದೇ ಒಂದು ಸೋಮವಾರ ಹಲ್ಲು ಕಚ್ಚಿಕೊಂಡು ಇರೋಕೆ ಆಗ್ಲಿಲ್ವೇನೋ, ಮುಖ ಬಂದಮೇಲೆ ಅದೇ ಮುಖದಲ್ಲಿ ಅವರಿಗೆ ಉಗಿಯಬಹುದಿತ್ತಲ್ಲೋ ಅಂದಳು. ಅವಳ ಮಾತು ತಪ್ಪು ಅಂತ ನನಗೆ ಈಗಲೂ ಅನ್ನಿಸಿಲ್ಲ. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದಳು.

"ನನ್ನ ಮಾನ ಕೊಟ್ಟು ನಿಮ್ಮ ಮುಖ ತರೋಣ ಅಂತ ಹೋದೆ," ಅಂದಳು. "ನೀವು ಎಲ್ಲರ ಮುಂದೆ ವಾಪಸ್ ಮಾಡಿಬಿಟ್ರಿ."

ಅದಾದ ಮೇಲೆ ಅವಳು ನನ್ನ ಜೊತೆ ಮಾತು ಬಿಟ್ಟಳು. ಕಣ್ಣಿಗೆ ಟೇಪು ಹಚ್ಚುವುದನ್ನು ಬಿಡಲಿಲ್ಲ. ಹಚ್ಚುವಾಗ ಸ್ವಲ್ಪ ಒತ್ತಿಯೇ ಹಚ್ಚಿದಳು.

ಮಾರನೇ ದಿನ ಕೆಲಸಕ್ಕೆ ಹೋದಳು. ಅವಳನ್ನು ತೆಗೆಯಲಿಲ್ಲ. ತೆಗೆದರೆ ಎಲ್ಲರ ಮುಂದೆ ನಾನು ಹೇಳಿದ್ದು ನಿಜ ಅಂತ ಆಗುತ್ತಿತ್ತೇನೋ. ನಾನು ಮನೆಯಲ್ಲಿ ಕೂತೆ. ಬಾಗಿಲು ಹಾಕಿಕೊಂಡೆ. ಬಟ್ಟೆ ಹೊಲಿಸಲು ಬಂದ ಹೆಂಗಸರ ಧ್ವನಿ ಕೇಳಿದರೆ ಅಡುಗೆಮನೆಗೆ ಹೋಗಿ ನಿಂತೆ. ಅವಳು ಇಷ್ಟು ಹೊತ್ತಿಗೆ ಬೆಳಕಿನ ಮುಂದೆ ಕೂತಿರುತ್ತಾಳೆ, ಇಷ್ಟು ಹೊತ್ತಿಗೆ ಮಾಸ್ಕು ಬೆಳ್ಳಗಾಗಿರುತ್ತದೆ, ಇಷ್ಟು ಹೊತ್ತಿಗೆ ತೆಗೆದಿರುತ್ತಾಳೆ. ನನ್ನ ಮಾತಿನಿಂದ ಅಲ್ಲಿ ಏನು ಬದಲಾಗಿರುತ್ತದೆ? ಆಪರೇಷನ್ನೂ ಹೋಯಿತು, ಅವಳ ಕೆನ್ನೆಯೂ ಹಾಗೇ ಬರಿದಾಗಿ ಕೂತಿದೆ. ದೊಡ್ಡ ಮಾತಾಡಿದವನು ಅಡುಗೆಮನೆಯಲ್ಲಿ ಅಡಗಿದ್ದಾನೆ.

ಸಂಜೆ ಬಂದಳು. ಹಣೆಯ ಮೇಲೆ, ಕಿವಿಯ ಮೇಲೆ ಮಾಸ್ಕಿನ ಪಟ್ಟಿ ಒತ್ತಿದ ಕೆಂಪು ಗುರುತು. ಕೆನ್ನೆಯಲ್ಲಿ ಬೆವರುಸಾಲೆ. ಚಪ್ಪಲಿ ಬಿಟ್ಟು ಅಕ್ಕನ ಯಂತ್ರದ ಪಕ್ಕ ಕೂತಳು. ನಾನು ಅಲ್ಲೇ ಇದ್ದೆ. ಅವಳು ಹೇಳಿದ್ದು ಅಕ್ಕನಿಗೆ.

ಬಾಟಲಿ ಕಾಣುತ್ತಿರಲಿಲ್ಲವಂತೆ. ಕಾಣದಿದ್ದರೆ ಕಸವೂ ಇಲ್ಲ ಅಂತ ಬಿಟ್ಟಳಂತೆ. ಕಸ ಇದ್ದ ಬಾಟಲಿಗಳೆಲ್ಲ ಮೆರವಣಿಗೆ ಹೊರಟವು. ಪ್ಯಾಕಿಂಗಿನವರು ಕೂಗಿಕೊಂಡರು. ಆಯ್ತಾ ಓಡಿ ಬಂದು ತೆಗಿ ಅಂದ.

"ನೀನೇನಂದೆ?" ಅಂದಳು ಅಕ್ಕ. ತುಳಿಯುವುದು ನಿಂತಿತ್ತು.

"ಬರೆದು ಕೊಡಿ, ತೆಗೀತೀನಿ ಅಂದೆ."

ಪಕ್ಕದ ಬೆಲ್ಟಿನ ಹೆಂಗಸು ತೆಗೆದಿಟ್ಟಿದ್ದ ಮಾಸ್ಕನ್ನು ಮತ್ತೆ ಹಾಕಿಕೊಂಡು, ನಂಗೂ ಒಂದು ಬರೆದು ಕೊಡಿ ಸಾರ್ ಅಂದಳಂತೆ. ಆಚೆ ಬೆಲ್ಟಿನವನು ಕೂತಲ್ಲಿಂದಲೇ, ನಂಗೆ ದೊಡ್ಡಕ್ಷರದಲ್ಲಿ ಬರೀರಿ, ಮಾಸ್ಕಲ್ಲಿ ಸರಿಯಾಗಿ ಕಾಣಲ್ಲ ಅಂದನಂತೆ. ಆಯ್ತಾ ಜೇಬು ಮುಟ್ಟಿ ನೋಡಿಕೊಂಡ. ಜೇಬಲ್ಲಿ ಪೆನ್ನು ಇತ್ತು. ತೆಗೆಯಲಿಲ್ಲ. ನೆಲ ನೋಡಿದ. ಆಮೇಲೆ ಹೋಗಿ ಬೆಲ್ಟಿನ ವೇಗ ಇಳಿಸಿದ. ನಾಳೆ ಏನು ಮಾಡ್ತಾನೋ ಗೊತ್ತಿಲ್ಲ ಅಂದಳು. ನಾಳೆ ನಮ್ಮನ್ನೆಲ್ಲ ಮನೆಗೆ ಕಳಿಸಿದರೂ ಕಳಿಸಬಹುದು.

ಅವಳ ರಜೆಯ ದಿನ ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕರೆದುಕೊಂಡು ಅಂದರೆ, ಸೀರೆ ಬದಲಿಸಿ ಬಾಗಿಲಲ್ಲಿ ನಿಂತಳು, ನಾನು ಹಿಂದೆ ಹೋದೆ. ಬೆಂಚು, ಸರದಿ, ಫಿನಾಯಿಲ್ ವಾಸನೆ. ಮಧ್ಯಾಹ್ನದ ಹೊತ್ತಿಗೆ ಒಳಗೆ ಕರೆದರು. ಡಾಕ್ಟರು ಚಿಕ್ಕ ವಯಸ್ಸಿನವರು, ಊಟ ಮಾಡಿರದ ಮುಖ. ಹೇಗಾಯಿತು ಅಂದರು. ಹೇಳಿದೆ, ಯಾರು ತೆಗಿ ಅಂದರು ಅನ್ನುವುದನ್ನೂ ಸೇರಿಸಿ. ಅವರು ತಲೆ ಎತ್ತಿ ಒಮ್ಮೆ ನೋಡಿದರು.

ನರದ ಆಪರೇಷನ್ನಿಗೆ ಹೆಸರು ಬರೆದುಕೊಳ್ಳುತ್ತೇನೆ, ಆದರೆ ಸರದಿ ಬರುವ ಹೊತ್ತಿಗೆ ತಡವಾಗಿರುತ್ತದೆ ಅಂದರು. ಮುಚ್ಚಿಡದೆ ಹೇಳಿದರು. ಇನ್ನೊಂದು ಮಾಡಬಹುದು. ತೊಡೆಯಿಂದ ಒಂದು ಪಟ್ಟಿ ತೆಗೆದು ಬಾಯಿಯ ಮೂಲೆಯನ್ನು ಮೇಲಕ್ಕೆ ಕಟ್ಟುವುದು, ಕಣ್ಣಿನ ಮೇಲಿನ ರೆಪ್ಪೆಯೊಳಗೆ ಸಣ್ಣ ಭಾರ ಇಟ್ಟು ಮುಚ್ಚುವಂತೆ ಮಾಡುವುದು. ಅದು ಚಿಕ್ಕ ಆಪರೇಷನ್, ಬೇಗ ಆಗುತ್ತದೆ.

"ಆ ಕಡೆ ನಗು ಬರಲ್ಲ, ಮೊದಲೇ ಹೇಳಿರ್ತೀನಿ," ಅಂದರು. "ಆದ್ರೆ ಬಾಯಿ ಜೋತು ಬೀಳಲ್ಲ. ನೇರ ನಿಲ್ಲುತ್ತೆ. ಸಾಕಾ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು.

"ನೇರ ನಿಂತ್ರೆ ಸಾಕು."

ಅದನ್ನೂ ಅವಳು ಡಾಕ್ಟರಿಗೇ ಹೇಳಿದ್ದು. ನನ್ನ ಜೊತೆ ಮಾತು ಇನ್ನೂ ಬಿಟ್ಟೇ ಇದ್ದಳು.